ಸಮಿತಿಯಲ್ಲಿ ಸೀಟು, ಊಟಕ್ಕೆ ಟೈಮು

"ಬೇರೆ ಯಾರಿಗಾದರೂ ಕೊಡಿ, ಪರವಾಗಿಲ್ಲ" ಎಂದು ನಾನು ಹೇಳಿದ್ದೇ ತಡ, ಲಿಂಡಾ ಮೇಡಂ "ಥ್ಯಾಂಕ್ ಯೂ, ದೊಡ್ಡ ಮನಸ್ಸು ನಿಮ್ಮದು" ಎನ್ನುತ್ತಾ ನನ್ನ ಹೆಸರಿನ ಮೇಲೆ ಗೆರೆ ಎಳೆದೇ ಬಿಟ್ಟರು.

ಎಳೆಯುವುದೇ! ಒಂದೇ ಒಂದು ಸಲ "ಇಲ್ಲ ಇಲ್ಲ, ನೀವೇ ಆಗಬೇಕು" ಅನ್ನಬಾರದೇ?

ಮೊದಲಿನಿಂದ ಹೇಳುತ್ತೇನೆ, ಕೇಳಿ. ಲಿಂಡಾ ಅಂದರೆ ನನ್ನ ಮಗಳು ಸಿರಿ ಓದುವ ಶಾಲೆಯ ಪ್ರಿನ್ಸಿಪಾಲ್. ಟೆಕ್ಸಸ್‌ನ ಈ ಕಾಪೆಲ್ ಊರಿಗೆ ನಮ್ಮವರೆಲ್ಲ ಬಂದು ಸೇರಿಕೊಂಡಿರುವುದೇ ಶಾಲೆಗೋಸ್ಕರ (ಏರ್‌ಪೋರ್ಟ್ ಹತ್ತಿರ ಅನ್ನುವುದು ಬರೀ ನೆಪ). ಈ ಶಾಲೆಗೊಂದು ಸಲಹಾ ಸಮಿತಿ ಇದೆ. ನಮ್ಮ ಕಡೆಯ ಎಸ್‌ಡಿಎಂಸಿ ಇದ್ದ ಹಾಗೆ. ಟೀಚರ್‌ಗಳು, ಅಪ್ಪ ಅಮ್ಮಂದಿರು ಕೂತು ಶಾಲೆ ಹೇಗೆ ನಡೆಯಬೇಕೆಂದು ಮಾತಾಡುತ್ತಾರೆ. ಅದರಲ್ಲಿ ಒಂದು ಸೀಟು ಖಾಲಿಯಾಯಿತು. ನಾನು ಅಪ್ಲೈ ಮಾಡಿದೆ.

ಯಾಕೆ? ಒಂದೇ ಕಾರಣ. ಊಟ.

ಸಿರಿಯ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಇಪ್ಪತ್ತು ನಿಮಿಷ. ಅಷ್ಟರಲ್ಲೇ ಸಾಲಾಗಿ ನಡೆದು ಬರಬೇಕು, ಜಾಗ ಹುಡುಕಬೇಕು, ಡಬ್ಬಿಯ ಮುಚ್ಚಳ ತೆಗೆಯಬೇಕು (ನಾನು ತುಂಬಾ ಬಿಗಿಯಾಗಿ ಹಾಕುತ್ತೇನಂತೆ). ನಾಲ್ಕು ತುತ್ತು ಒಳಗೆ ಹೋಗುವಷ್ಟರಲ್ಲಿ ಬೆಲ್. ಬೆಳಗ್ಗೆ ಎದ್ದು ಕಲಸಿ ಕಳಿಸಿದ ಚಿತ್ರಾನ್ನ ಸಂಜೆ ಹಾಗೇ ವಾಪಸ್ಸು. "ನೋ ಟೈಮ್, ಅಮ್ಮಾ" ಎಂದು ಮಗಳು ಬ್ಯಾಗ್ ಎಸೆದು ಹೋಗುತ್ತಾಳೆ. ಆ ಡಬ್ಬಿ ತೊಳೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಉಣ್ಣುತ್ತಾ ಕೂತವರನ್ನು ಎಬ್ಬಿಸಬಾರದು ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಎಷ್ಟು ಗಟ್ಟಿ ಅಂದರೆ, ಬರ್ತ್‌ಡೇ ಪಾರ್ಟಿಗಳಲ್ಲಿ ನಾನು ಶುರು ಮಾಡಿದೆನೆಂದರೆ ಜನ ಮೆಲ್ಲಗೆ ಜ್ಯೂಸ್ ತರುತ್ತೇವೆ ಅಂತ ಎದ್ದು ಹೋಗುತ್ತಾರೆ. (ನೀವು ಪುಟ ತಿರುಗಿಸುತ್ತೀರಿ, ಗೊತ್ತು.)

ಇಂಟರ್‌ವ್ಯೂಗೆ ಮುಂಚೆ ಗೆಳತಿ ರೇಣುಕಾಗೆ ಫೋನ್ ಮಾಡಿದೆ. ಹುಬ್ಬಳ್ಳಿಯವಳು, ಈಗ ಇಲ್ಲೇ ಹತ್ತಿರದ ಯೂಲೆಸ್‌ನಲ್ಲಿದ್ದಾಳೆ, ಇಂಥ ನಾಲ್ಕಾರು ಕಮಿಟಿ ಕಂಡವಳು.

"ಹೋಗ್ರಿ, ಆದ್ರ ಊಟದ ಸುದ್ದಿ ತಗೀಬ್ಯಾಡ್ರಿ" ಎಂದಳು. "ಒಂದ ವಿಷಯ ಹಿಡ್ಕೊಂಡು ಬರೋ ಮಂದಿ ಅಂದ್ರ ಅವರಿಗೆ ಅಂಜಿಕಿ. ಸುಮ್ನ ನಕ್ಕೋತ ಕೂಡ್ರಿ."

ನಕ್ಕೊಂಡೇ ಕೂತೆ. "ಶಾಲೆಯಲ್ಲಿ ಏನಾದರೂ ಬದಲಾಗಬೇಕು ಅನ್ನಿಸಿದೆಯಾ?" ಎಂದು ಲಿಂಡಾ ಮೇಡಂ ಕೇಳಿದರು. "ಏನಿಲ್ಲ, ಎಲ್ಲಾ ಚೆನ್ನಾಗಿದೆ" ಎಂದೆ. ಕೊನೆಗೆ ಅವರು, "ತುಂಬಾ ಜನ ಅಪ್ಲೈ ಮಾಡಿದ್ದಾರೆ. ನಿಮಗೆ ನಿಜವಾಗಿಯೂ ಈ ಸೀಟು ಬೇಕಾ?" ಎಂದರು.

ಈಗ ನೀವೇ ಹೇಳಿ. ನಮ್ಮಲ್ಲಿ ಯಾರಾದರೂ ಈ ಪ್ರಶ್ನೆಗೆ ನೇರವಾಗಿ "ಬೇಕು" ಅನ್ನುತ್ತಾರಾ? ಪಂಕ್ತಿಯಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಅನ್ನುವುದಿಲ್ಲವೇ? ಬಡಿಸುವವರು "ಇನ್ನೊಂದೇ ಒಂದು" ಎಂದು ಹಾಕಿಯೇ ಮುಂದೆ ಹೋಗುತ್ತಾರೆ. ಬೇಡ ಅನ್ನುವುದು ನಮ್ಮ ಕೆಲಸ, ಬಲವಂತ ಮಾಡುವುದು ಅವರ ಕೆಲಸ. ಆ ಧೈರ್ಯದ ಮೇಲೆ ನಾನು "ಬೇರೆ ಯಾರಿಗಾದರೂ ಕೊಡಿ" ಎಂದಿದ್ದು. ಟೆಕ್ಸಸ್‌ನಲ್ಲಿ ಸಾಕು ಅಂದರೆ ಸಾಕು ಅಂತಲೇ ಅರ್ಥ. ಹೋಳಿಗೆ ಪಕ್ಕದ ಎಲೆಗೆ ಹೋಯಿತು.

ಪಾರ್ಕಿಂಗ್ ಲಾಟ್‌ನಲ್ಲಿ ಕಾರೊಳಗೆ ಕೂತು ಮತ್ತೆ ರೇಣುಕಾಗೆ ಫೋನ್.

"ಅಯ್ಯ ನಮ್ಮವ್ವ! ಉಪಚಾರ ಮಾಡ್ಲಿಕ್ಕೆ ಅವರೇನು ನಿಮ್ಮ ಬೀಗರೇನ್ರಿ? ಮೊದ್ಲ ಒಳಗ ಹೋಗ್ರಿ. ಬೇಕು ಅಂತ ಬಾಯಿ ಬಿಟ್ಟು ಹೇಳ್ರಿ."

"ಊಟದ ಸುದ್ದಿ?"

"ಅದನ್ನೂ ಹೇಳಿಬಿಡ್ರಿ. ಈಗ ಹೋಗೋದಾದ್ರೂ ಏನೈತಿ?"

ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಇಳಿದು ಹೋಗಿ ಬಾಗಿಲು ತಟ್ಟಿದೆ. "ಮೇಡಂ, ನನಗೆ ಸೀಟು ಬೇಕು. ಆಗ ಬೇಡ ಅಂದಿದ್ದು ಮರ್ಯಾದೆಗೆ, ನಮ್ಮ ಕಡೆ ಹಾಗೇ. ಮತ್ತೆ, ಎಲ್ಲಾ ಚೆನ್ನಾಗಿಲ್ಲ. ಮಕ್ಕಳಿಗೆ ಊಟದ ಟೈಮ್ ಸಾಲದು. ಈ ವಿಷಯದಲ್ಲಿ ನಾನು ತುಂಬಾ ಸ್ಟ್ರಾಂಗ್" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಮಿಟಿ ನಿಮ್ಮ ಮಾತು ಒಪ್ಪದೇ ಹೋದರೆ?"

"ಮನೆಗೆ ಹೋಗಿ ಗಂಡನ ಮುಂದೆ ಕೂಗಾಡ್ತೀನಿ. ಮುಂದಿನ ಮೀಟಿಂಗ್‌ಗೆ ಎಲ್ಲರಿಗಿಂತ ಮೊದಲು ಬಂದು ಕೂತಿರ್ತೀನಿ."

ಲಿಂಡಾ ಮೇಡಂ ಜೋರಾಗಿ ನಕ್ಕರು. (ಈ ಉತ್ತರ ಕೇಳಿ ನನ್ನ ಗಂಡ ಮಾತ್ರ ನಗಲಿಲ್ಲ.) ಆ ವಾರವೇ ಈಮೇಲ್ ಬಂತು, ಸೀಟು ನನ್ನದಾಯಿತು.

ಮೊನ್ನೆ ಸಂಜೆ ಮೊದಲ ಮೀಟಿಂಗ್. ಊಟದ ಮಾತೆತ್ತಿದೆ. ಎಲ್ಲರೂ ಗಮನವಿಟ್ಟೇ ಕೇಳಿದರು. ಆದರೆ ಒಬ್ಬ ಟೀಚರ್, "ಊಟಕ್ಕೆ ಹತ್ತು ನಿಮಿಷ ಸೇರಿಸಿದರೆ ಅದನ್ನು ಮ್ಯೂಸಿಕ್ ಕ್ಲಾಸಿನಿಂದ ಕೀಳಬೇಕಾಗುತ್ತೆ" ಎಂದರು. ಅದೂ ನ್ಯಾಯವೇ. ಸಿರಿಗೆ ಮ್ಯೂಸಿಕ್ ಕ್ಲಾಸ್ ಅಂದರೆ ಪ್ರಾಣ, ನನಗೆ ಅದು ಹೊಳೆದೇ ಇರಲಿಲ್ಲ. ಬೇರೆ ದಾರಿ ಹುಡುಕೋಣ ಎಂದೆ. ಊಟದ ಟೈಮ್ ಹೆಚ್ಚಿಸಬೇಕೇ ಎಂದು ವೋಟಿಗೆ ಹಾಕಿದರು. ನನ್ನ ಪರವಾಗಿ ಎದ್ದ ಕೈ ಒಂದೇ, ನನ್ನದು. ಸದ್ಯಕ್ಕೆ ಇಪ್ಪತ್ತು ನಿಮಿಷವೇ ಇರಲಿ ಎಂದು ತೀರ್ಮಾನವಾಯಿತು. ಬೇಜಾರಾಯಿತು. ಆದರೂ ಕೂತೇ ಇದ್ದೆ.

ಅಷ್ಟರಲ್ಲಿ ಪಿಜ್ಜಾ ಬಂತು. ಯಾರದೋ ನಾಯಿಗೆ ಆಪರೇಷನ್ ಆದ ಕಥೆ, ಯಾರದೋ ಮಗನ ಫುಟ್‌ಬಾಲ್, ಈ ವರ್ಷದ ಸೆಕೆ. ನನ್ನ ವಿರುದ್ಧ ಕೈ ಎತ್ತಿದವರೇ ನನಗೆ ಅಣಬೆ ಇಲ್ಲದ ಸ್ಲೈಸ್ ಹುಡುಕಿ ಕೊಟ್ಟರು. ಒಳ್ಳೆಯ ಜನ. ಹೊಟ್ಟೆ ತುಂಬಿತು, ಬೇಜಾರೂ ಇಳಿಯಿತು.

ಡಬ್ಬಗಳೆಲ್ಲ ಖಾಲಿಯಾದ ಮೇಲೆ ಲಿಂಡಾ ಮೇಡಂ ಗೋಡೆ ಗಡಿಯಾರ ನೋಡಿದರು. "ಅಯ್ಯೋ, ತಿನ್ನುತ್ತಾ ತಿನ್ನುತ್ತಾ ಮುಕ್ಕಾಲು ಗಂಟೆ ಆಯ್ತಾ!"

ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ದೇವರಾಣೆ, ನಾನು ಒಂದು ಮಾತೂ ಆಡಲಿಲ್ಲ (ಬಾಯಲ್ಲಿ ಇನ್ನೂ ಪಿಜ್ಜಾ ಇತ್ತು). ಮೊದಲು ನಕ್ಕಿದ್ದು ಆ ಟೀಚರೇ. "ಮುಂದಿನ ತಿಂಗಳು ಊಟದ ವಿಷಯ ಮತ್ತೆ ತಗೊಳ್ಳೋಣ" ಎಂದರು. ಎಲ್ಲರೂ ಒಪ್ಪಿದರು.

ಅಭಿಪ್ರಾಯ ನನ್ನದು, ಸರಿ. ಅದಕ್ಕೆ ಸಾಕ್ಷಿಯನ್ನು ಕೂತು ತಿಂದು ತೋರಿಸಿದವರು ಅವರೇ ಅಲ್ಲವೇ?