ಹುಳುಮನೆಯ ಪ್ರಾರ್ಥನೆ

ನಮ್ಮತ್ತೆ ದೇವರ ಜೊತೆ ಜಗಳವಾಡುವುದನ್ನು ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ನಾನು ಚಿಂತಾಮಣಿಯ ಕ್ರೈಸ್ತ ಮೇಷ್ಟರ ಮಗಳು. ಪ್ರಾರ್ಥನೆಯ ಹೊತ್ತಿನಲ್ಲಿ ಕೆಮ್ಮಿದರೂ ನಮ್ಮಪ್ಪ ಕಣ್ಣು ಕೆಂಪು ಮಾಡುತ್ತಿದ್ದರು. ಮದುವೆಯಾಗಿ ಸಾದಲಿಗೆ ಬಂದರೆ, ಇಲ್ಲಿ ಅತ್ತೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಾ ಯೇಸುಸ್ವಾಮಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ತಮ್ಮ ಮಂಡಿನೋವಿಗೆ, ಬೋರ್‌ವೆಲ್ ಕೆಟ್ಟಿದ್ದಕ್ಕೆ, ಮಾವ ಮಾತು ಕೇಳದ್ದಕ್ಕೆ, ಎಲ್ಲಕ್ಕೂ ಅವನೇ ಹೊಣೆ.

ಆದರೆ ಅದೇ ಅತ್ತೆ ಹುಳುಮನೆಯ ಹೊರಗೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗುವವರು. ಹುಳುವಿಗೆ ರೋಗ ತಗುಲದಿರಲೆಂದು ನಮ್ಮ ಕಡೆ ಎಲ್ಲರೂ ಮಾಡುವುದೇ. ಅತ್ತೆ ಮಾತ್ರ ಅಷ್ಟಾದ ಮೇಲೆ ಸೆರಗನ್ನು ತಲೆಗೆ ಹೊದ್ದು, ಕಣ್ಣು ಮುಚ್ಚಿ ಒಂದು ಗಳಿಗೆ ತಲೆ ಬಾಗಿಸಿ ನಿಲ್ಲುತ್ತಿದ್ದರು. ಬೈಗುಳ ಶುರುವಾಗುತ್ತಿದ್ದದ್ದು ಆಮೇಲೆ. ಇಂಥವರನ್ನು ಅತ್ತೆಯಾಗಿ ಪಡೆದದ್ದು ನನ್ನ ಪುಣ್ಯ ಎಂದು ಈಗ ಯಾರಿಗೆ ಬೇಕಾದರೂ ಹೇಳುತ್ತೇನೆ. ಆಗ ನನಗೆ ಅವರು ಅರ್ಥವಾಗಿರಲಿಲ್ಲ.

ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡ ವರ್ಷ ನನ್ನ ಬಾಯಿ ಕಟ್ಟಿಹೋಯಿತು. ಚರ್ಚಿನಲ್ಲಿ ಎಲ್ಲರ ಜೊತೆ ಬಾಯಿಪಾಠದ ಪ್ರಾರ್ಥನೆ ಹೇಳುತ್ತಿದ್ದೆ, ನನ್ನದೇ ಆದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಳಗೆ ಇದ್ದದ್ದೆಲ್ಲ ಸಿಟ್ಟು. ಅದನ್ನು ದೇವರ ಮುಂದೆ ಆಡುವುದುಂಟೇ? ಹೀಗೇ ಆದರೆ ಅವನಿಗೂ ನನಗೂ ಇದ್ದದ್ದು ಮುಗಿದೇಹೋಗುತ್ತದೆ ಎಂದು ಹೆದರಿಕೆಯಾಗುತ್ತಿತ್ತು.

ಹುಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು, ಎಷ್ಟು ಸೊಪ್ಪು ಹಾಕಿದರೂ ಸಾಲದೆ ತಿನ್ನುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಸೊಪ್ಪಿನ ಹೊರೆ ಹೊತ್ತು ಬಂದವಳು ಏನೋ ಗುಂಗಿನಲ್ಲಿ ಚಪ್ಪಲಿ ಮೆಟ್ಟಿಕೊಂಡೇ ಹುಳುಮನೆಯ ಒಳಗೆ ಬಂದುಬಿಟ್ಟೆ. ಅತ್ತೆ ರೇಗಲಿಲ್ಲ. ಹೊರೆ ಇಳಿಸಿಕೊಂಡರು, ನಾನು ತುಳಿದ ಜಾಗಕ್ಕೆ ಸುಣ್ಣ ಚೆಲ್ಲಿದರು, ಆಮೇಲೆ ನನ್ನ ಮುಖ ನೋಡಿದರು.

"ಸ್ವಾಮಿ ಮೇಲೆ ಸಿಟ್ಟೇನಮ್ಮ?"

ಹೌದೆಂದು ತಲೆಯಾಡಿಸಿದೆ.

"ಸಿಟ್ಟಿದ್ರೆ ಅವನ ಹತ್ರಾನೇ ಹೇಳ್ಕೊ. ಬೈಯೋದಿದ್ರೂ ಬೈಯಮ್ಮ, ನಮ್ಮಪ್ಪ ತಾನೇ. ಚಪ್ಪಲಿ ಮಾತ್ರ ಆಚೆ ಬಿಟ್ಟು ಬಾ."

ಹೊರಗೆ ಹೋಗಿ ಚಪ್ಪಲಿ ಬಿಟ್ಟೆ. ಕಾಲು ತೊಳೆದುಕೊಂಡು, ಸುಣ್ಣ ತುಳಿದು, ದುಪಟ್ಟಾ ತಲೆಗೆ ಹೊದ್ದು ಒಳಗೆ ಬಂದೆ. ಅತ್ತೆ ನನ್ನತ್ತ ನೋಡದೆ ಸೊಪ್ಪು ಹಾಕುತ್ತಾ ಅತ್ತ ಸರಿದರು.

"ಯಾಕೆ ಕಿತ್ಕೊಂಡೆ?" ಎಂದು ಕೇಳಿದೆ. ತಲೆ ಬಾಗಿಸಿ, ಬರಿಗಾಲಲ್ಲಿ ನಿಂತೇ ಕೇಳಿದೆ.