ತಣ್ಣಗಿನ ಇಂಜಿನ್, ಕೆಂಪಿಗೇರಿದ ಮುಳ್ಳು

ನನಗೆ ಖರ್ಚಾದದ್ದು ಆರುನೂರು ರೂಪಾಯಿ, ಹೆಬ್ಬೆರಳಿನಷ್ಟು ಸೆನ್ಸರಿಗೆ. ನನ್ನ ಪಿಕಪ್ಪಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತೆಂದು ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಲು ಇಪ್ಪತ್ತು ಸಾವಿರ ಕೇಳಿದ್ದರು. ಮೆಣಸಿನಕಾಯಿ ವ್ಯಾಪಾರಿಯಾದ ನಾನು ಅದನ್ನು ಹದಿನಾಲ್ಕು ಸಾವಿರಕ್ಕೆ ಇಳಿಸಿ, ಮರುದಿನ ಗಾಡಿ ತಂದು ಬಿಡುವುದಾಗಿ ಹೇಳಿ, ಬೀಗುತ್ತ ಬ್ಯಾಡಗಿಗೆ ಬಂದಿದ್ದೆ.

ಮರುದಿನ ಬೆಳಿಗ್ಗೆ ನೆರೆಮನೆಯ ಮೆಕ್ಯಾನಿಕ್ ಖಾದರಸಾಬರು ಪಿಕಪ್ಪಿನ ಚಾವಿ ತಿರುಗಿಸಿದರು. ಇಂಜಿನ್ ಚಾಲೂ ಆಗುವ ಮೊದಲೇ ಮುಳ್ಳು ಕೆಂಪಿಗೆ ಹಾರಿತು. ನನ್ನ ಕೈ ಹಿಡಿದು ಇಂಜಿನ್ ಮೇಲಿಟ್ಟರು; ತಣ್ಣಗಿತ್ತು. ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರಿನ ವಯರ್ ಕಿತ್ತರು. ಮುಳ್ಳು ತೆಪ್ಪಗೆ ಕೆಳಗಿಳಿಯಿತು.

"ಮೆಣಸಿನಕಾಯಿ ಅಂದ್ರ ಚೀಲದ ತಳಕ್ಕ ಕೈ ಹಾಕಿ ನೋಡ್ತೀರಿ. ಇಂಜಿನ್ ಅಂದ್ರ ಬರೇ ಮುಳ್ಳು ನೋಡಿ ನಂಬೂದೇನ್ರಿ, ಸಾವ್ಕಾರ್ರ?"

ಓದುಗರೇ, ತಣ್ಣಗಿನ ಇಂಜಿನ್ನಿಗೂ ಮುಳ್ಳು ಕೆಂಪು ತೋರಿಸಿದರೆ ಮೊದಲು ಸೆನ್ಸರ್ ಪರೀಕ್ಷಿಸಿ. ಬೇಡದ ಕೆಲಸವನ್ನು ಎಷ್ಟು ಅಗ್ಗಕ್ಕೆ ಮಾಡಿಸಿದರೂ ದುಬಾರಿಯೇ.