ಮೊಟ್ಟೆಕೋಣೆಯ ಇಪ್ಪತ್ತೈದು ಡಿಗ್ರಿ

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ, ರೇಷ್ಮೆ ಹುಳುವಿನ ಮೊಟ್ಟೆಗಳನ್ನು ಕಾಯುವ ಕಂಪ್ಯೂಟರನ್ನು ಕಾಯುವುದು. ತೊಂಬತ್ತರ ದಶಕದ ನಡುವಿನ ಮಾತು. ಯಾರಾದರೂ ಕೇಳಿದರೆ ಅಪ್ಪ "ಕಂಪ್ಯೂಟರ್ ಕೆಲಸ" ಎಂದಷ್ಟೇ ಹೇಳಿ ಮೊಟ್ಟೆಯ ವಿಷಯ ಬಿಟ್ಟುಬಿಡುತ್ತಿದ್ದರು. ನಾನೂ ತಿದ್ದುತ್ತಿರಲಿಲ್ಲ.

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ದಿನಾ ಚಾಮರಾಜನಗರಕ್ಕೆ ಹೋಗುತ್ತಿದ್ದೆ. ಊರಾಚೆ ಒಬ್ಬರ ಖಾಸಗಿ ಮೊಟ್ಟೆ ಕೇಂದ್ರವಿತ್ತು. ಮೊಟ್ಟೆಗಳನ್ನು ಇಪ್ಪತ್ತೈದು ಡಿಗ್ರಿಯಲ್ಲಿಟ್ಟರೆ ಗೊತ್ತಾದ ದಿನಕ್ಕೆ ಎಲ್ಲವೂ ಒಟ್ಟಿಗೆ ಮರಿಯಾಗುತ್ತವೆ. ರೈತರು ಆ ದಿನಕ್ಕೆ ಎಳೆ ಹಿಪ್ಪುನೇರಳೆ ಸೊಪ್ಪು ಹೊಂದಿಸಿಕೊಂಡು ಬಂದು ಒಯ್ಯುತ್ತಾರೆ. ಕಾವು ಹೆಚ್ಚಿದರೆ ಮರಿಗಳು ಮೊದಲೇ ಬರುತ್ತವೆ. ಇನ್ನೂ ಹೆಚ್ಚಿದರೆ ಬರುವುದೇ ಇಲ್ಲ. ಈ ಕಾವನ್ನು ಅದುವರೆಗೆ ನೋಡಿಕೊಂಡಿದ್ದವರು ಚಂದಕವಾಡಿಯಿಂದ ಬರುತ್ತಿದ್ದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು. ಸೆಕೆಯಾದರೆ ಕಿಟಕಿ ತೆಗೆದು ನೆಲಕ್ಕೆ ನೀರು ಚಿಮುಕಿಸುವುದು, ಚಳಿಯಾದರೆ ಕಿಟಕಿ ಹಾಕಿ ಕೆಂಡದ ಬಾಣಲೆ ಇಡುವುದು, ಇದು ಅವರ ಕೆಲಸ.

ಕೇಂದ್ರದ ಯಜಮಾನರು ಕಂಪ್ಯೂಟರ್ ತಂದದ್ದು ಅಮ್ಮನ ಜಾಗಕ್ಕೆ. ಮೊಟ್ಟೆಕೋಣೆಯಲ್ಲಿ ಒಂದು ಕರಿ ವೈರು ಇಳಿಬಿದ್ದಿತ್ತು. ಅದರ ತುದಿಯಲ್ಲಿದ್ದ ಬೆರಳುದ್ದದ ಲೋಹದ ಕಡ್ಡಿ ಕೋಣೆಯ ಶಾಖವನ್ನು ತಿಳಿಸುತ್ತಿತ್ತು. ಅದನ್ನು ನೋಡಿಕೊಂಡು ಪಕ್ಕದ ಕೋಣೆಯ ಕಂಪ್ಯೂಟರ್ ತಾನೇ ಕೂಲರನ್ನೋ ಹೀಟರನ್ನೋ ಹಚ್ಚುತ್ತಿತ್ತು. "ಈ ಬ್ಯಾಚು ಸರಿಯಾಗಿ ಬಂದರೆ ಮುಂದಿನದಕ್ಕೆ ನೀನು ಬರೋದು ಬೇಡಮ್ಮ," ಎಂದು ಯಜಮಾನರು ನನ್ನೆದುರಿಗೇ ಹೇಳಿದರು. "ಅಲ್ಲಿವರೆಗೂ ಕಿಟಕಿ ಮುಟ್ಟಬೇಡ, ನೀರು ಹಾಕಬೇಡ. ಎಲ್ಲಾ ಅದೇ ನೋಡಿಕೊಳ್ಳುತ್ತೆ." ಒಂದು ಕೋಣೆಗೆ ಎರಡು ಲೆಕ್ಕ ಬೇಡವೆಂದು ಗೋಡೆಯ ಥರ್ಮಾಮೀಟರನ್ನು ತೆಗೆದು ತಮ್ಮ ಮೇಜಿನ ಡ್ರಾಯರಿಗೆ ಹಾಕಿದರು.

ಅಮ್ಮ ತಲೆಯಾಡಿಸಿದರು. ನನ್ನ ಮೇಲಾಗಲಿ ಕಂಪ್ಯೂಟರಿನ ಮೇಲಾಗಲಿ ಅವರಿಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಧ್ಯಾಹ್ನ ನನ್ನ ತಟ್ಟೆಗೆ ಅವರ ಬುತ್ತಿಯ ಹುರುಳಿಕಾಳು ಬೀಳುತ್ತಿತ್ತು.

ತೊಂದರೆ ಕೊಟ್ಟದ್ದು ಕರೆಂಟು. ಅದು ಹೋದರೆ ಕೂಲರ್ ನಿಲ್ಲುತ್ತಿತ್ತು. ಬ್ಯಾಟರಿ ಇದ್ದದ್ದು ಕಂಪ್ಯೂಟರಿಗೆ ಮಾತ್ರ. ಕೋಣೆಯಲ್ಲಿ ಸೆಕೆಯಾಗುತ್ತಿದೆ ಎಂದು ಅದು ತಪ್ಪದೆ ಕೂಗುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಾರದೆ. ಬೇಸಿಗೆ ಬೇರೆ. ನಾನು ಊಟ ಬಿಟ್ಟು ಎದ್ದು ಓಡುತ್ತಿದ್ದೆ, ಯಜಮಾನರು ಫೋನು ಕೆಳಗಿಟ್ಟು ಬೈಯುತ್ತಿದ್ದರು.

ಆಮೇಲೆ ಒಂದು ದಿನ ಅದು ಕೂಗುವುದನ್ನು ನಿಲ್ಲಿಸಿತು. ಮರುದಿನವೂ ಕೂಗಲಿಲ್ಲ. ಪರದೆಯ ಮೇಲೆ ಇಪ್ಪತ್ತೈದು, ಕೆಲವೊಮ್ಮೆ ಅದಕ್ಕಿಂತ ಒಂದು ಕೂದಲು ಕಡಿಮೆ. "ಈಗ ಬುದ್ಧಿ ಕಲಿತುಕೊಂಡಿತು ನೋಡು," ಎಂದರು ಯಜಮಾನರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ತೆರಕಣಾಂಬಿಯ ರೈತರಿಬ್ಬರು ಬಂದಾಗ ಪರದೆ ತೋರಿಸಿ, ಮೊಟ್ಟೆಕೋಣೆಗೂ ಕರೆದೊಯ್ದರು.

"ಒಂದು ಚೂರೂ ಆಚೀಚೆ ಇಲ್ಲ," ಎಂದು ಹೇಳುತ್ತಾ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಒಬ್ಬ ಅಂಗಿಯ ಗುಂಡಿ ಬಿಚ್ಚಿದ. "ಒಳಗೆ ವಸಿ ಸೆಕೆ ಅಲ್ವಾ ಸಾ?"

"ಬಿಸಿಲಿಂದ ಬಂದಿದ್ದೀರಲ್ಲ, ಅದಕ್ಕೆ."

"ಬಂದು ಬಾಳ ಒತ್ತಾಯ್ತಲ್ಲ ಸಾ."

"ಸುಮ್ಕಿರ್ಲಾ," ಎಂದ ಇನ್ನೊಬ್ಬ. "ಮಿಷನ್ನೇ ಇಪ್ಪತ್ತೈದು ಅಂತ ಅದೆ. ನಿನ್ ಮೈಯೇ ಸುಳ್ಳೇಳ್ತದೆ ಕಣ್ಲಾ."

ನನ್ನ ದುಪಟ್ಟಾ ಕತ್ತಿಗೆ ಅಂಟಿಕೊಂಡಿತ್ತು. ಅಪರಿಚಿತರ ಮುಂದೆ ನಿಂತಾಗ ನನಗೆ ಬೆವರುವುದುಂಟು. ಹಾಗೆಂದುಕೊಂಡೆ.

ಎರಡು ದಿನ ಕಳೆದು ಬೆಳಿಗ್ಗೆ ಹೋದಾಗ ಅಮ್ಮ ಸೆರಗನ್ನು ಬಾಯಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಂದ್ಬುಟ್ಟವೆ ಕಣಮ್ಮಿ."

ಮೊಟ್ಟೆ ಅಂಟಿದ್ದ ಕಾಗದಗಳ ಮೇಲೆಲ್ಲ ಕೂದಲೆಳೆಯಂಥ ಕರಿ ಮರಿಗಳು ಹರಿದಾಡುತ್ತಿದ್ದವು. ಯಜಮಾನರು ಬಂದು ನೋಡಿದರು. ನಂತರ ಪಕ್ಕದ ಕೋಣೆಗೆ ಹೋಗಿ ಪರದೆಯನ್ನು ನೋಡಿದರು.

"ಇನ್ನೂ ಎರಡು ದಿನ ಇದೆಯಲ್ಲ?"

"ಇದೆ ಸಾರ್."

"ಮತ್ತೆ ಇವು?"

"ಇವು ಬಂದಿವೆ."

ಕಂಪ್ಯೂಟರಿಗೆ ಹೇಳದೆ ಕೇಳದೆ ಬಂದ ಮರಿಗಳನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ನಾನು ಹೀಟರಿನ ಮೇಲೆ ಕೈ ಇಟ್ಟೆ. ಅದು ಉರಿಯುತ್ತಿತ್ತು, ಅಂಥ ಬೇಸಿಗೆಯಲ್ಲಿ. ಕರಿ ವೈರಿನ ಹಿಂದೆ ಹೋದೆ. ಅದು ಗೋಡೆಗುಂಟ ಸಾಗಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಹೂಜಿಗೆ ಸುತ್ತಿದ ಒದ್ದೆ ಗೋಣಿಯೊಳಗೆ ಹೋಗಿತ್ತು. ಕಡ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ದಾರ ಕಟ್ಟಲಾಗಿತ್ತು.

"ತಗೀಬ್ಯಾಡ ಕಣಮ್ಮಿ," ಎಂದರು ಅಮ್ಮ. "ತಣ್ಣಗೆ ಮನಿಕ್ಕಂಡದೆ."

ಯಜಮಾನರ ಮುಖ ನೋಡಿ ಮುಂದಿನ ಮಾತು ಏನೆಂದು ನನಗೆ ಗೊತ್ತಾಯಿತು. ಕೆಲಸ ಹೋಗುತ್ತದೆಂದು ಈಕೆ ಕೆಡಿಸಿದ್ದಾಳೆ, ಅಷ್ಟೆ. "ಬೇಕಂತಲೇ ಮಾಡಿದೆಯಾ?" ಎಂದರು.

"ಬೇಕಂತ್ಲೇ ಬುದ್ಧಿ. ಕರೆಂಟ್ ಓದಾಗೆಲ್ಲ ಸೆಕೆ ಸೆಕೆ ಅಂತ ಬಡ್ಕತಿತ್ತು. ನೀವು ಬೈಯ್ತಿದ್ರಿ, ಈ ಕೂಸು ಅನ್ನ ಬುಟ್ಟು ಓಡದು. ಕಿಟಕಿ ಮುಟ್ಟಬ್ಯಾಡ ಅಂದಿದ್ರಿ. ಅದ್ಕೆ ತಣ್ಣಗಿರೋ ತಾವ ಮಡಗ್ದೆ, ಸುಮ್ಕಾಯ್ತು. ನೀವೇ ಅಂದ್ರಲ್ಲ, ಬುದ್ಧಿ ಕಲ್ತ್ಕತ್ತು ಅಂತ."

"ಕಂಪ್ಯೂಟರ್ ತಪ್ಪು ಹೇಳಿಲ್ಲ ಸಾರ್," ಎಂದೆ ನಾನು. "ಹೂಜಿಯ ಹತ್ತಿರ ಇಪ್ಪತ್ತೈದೇ ಇತ್ತು. ಅಲ್ಲಿ ತಣ್ಣಗಾದಾಗಲೆಲ್ಲ ಅದು ಕೋಣೆಗೆಲ್ಲ ಹೀಟರ್ ಹಾಕಿದೆ."

"ಹೂಜಿ ಮರಿ ಹಾಕಲಿ ಅಂತ ತಂದೆನಾ ನಾನು ಇದನ್ನ?"

ಜಗಳಕ್ಕೆ ಹೊತ್ತಿರಲಿಲ್ಲ, ಮರಿಗಳು ಹಸಿದಿದ್ದವು. ಅಮ್ಮ ಪಕ್ಕದ ತೋಟದವರನ್ನು ಬೇಡಿ ಕುಡಿಸೊಪ್ಪು ತಂದರು. ನಾವಿಬ್ಬರೂ ಕೂತು ಸಣ್ಣಗೆ ಹೆಚ್ಚಿ ಹರಡಿದೆವು. ಯಜಮಾನರು ಸ್ಕೂಟರಿನಲ್ಲಿ ಊರೂರು ಸುತ್ತಿ ರೈತರನ್ನು ಕರೆತಂದರು. ಗುಂಡಿ ಬಿಚ್ಚಿದ್ದ ಆ ತೆರಕಣಾಂಬಿಯವನು ಗೊಣಗಿದ: "ನಾಡಿದ್ಕೆ ಅಂದಿದ್ರಿ."

"ಕಂಪ್ಯೂಟರಲ್ಲವಾ, ಬೇಗ ಮಾಡಿಕೊಡುತ್ತೆ," ಎಂದರು ಯಜಮಾನರು.

"ಮುಂದಿನ ಕಿತ ವಸಿ ನಿಧಾನಕ್ಕೆ ಮಾಡೋಕೇಳಿ ಸಾ."

ಸಂಜೆಯ ಹೊತ್ತಿಗೆ ಕೋಣೆ ಖಾಲಿಯಾಯಿತು. ಹೆಚ್ಚಿನ ಮರಿಗಳು ಬದುಕಿಕೊಂಡಿದ್ದವು. ಯಜಮಾನರು ನಮ್ಮಿಬ್ಬರನ್ನೂ ಕರೆದರು. ಅಮ್ಮ ಬುತ್ತಿಯ ಡಬ್ಬ ಹಿಡಿದು, ತೀರ್ಪು ಗೊತ್ತಿರುವವರಂತೆ ನಿಂತರು. ನಾನು ಸೊಪ್ಪು ಹೆಚ್ಚುವಾಗಲೇ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ: "ಆ ಕೋಣೆಯಲ್ಲಿ ನಿಂತು ಬೆವರೋಕೆ ಒಬ್ಬರು ಬೇಕು ಸಾರ್. ನಾನು ಪಕ್ಕದ ಕೋಣೆಯಲ್ಲಿರುತ್ತೇನೆ."

ಅವರು ಬಹಳ ಹೊತ್ತು ಡ್ರಾಯರ್ ಎಳೆದಾಡಿ ಥರ್ಮಾಮೀಟರನ್ನು ಹುಡುಕಿ ತೆಗೆದು ಅಮ್ಮನ ಕೈಗೆ ಕೊಟ್ಟರು. "ಇರು. ಆದರೆ ಆ ಕಡ್ಡಿ ಮುಟ್ಟಕೂಡದು."

"ಮುಟ್ಟಲ್ಲ ಬುದ್ಧಿ. ತಿರ್ಗಾ ಅತ್ತರೆ?"

"ಅಳಲಿ."

"ಎಷ್ಟೊತ್ತು ಅಂತ ಅಳ್ಸದು?"

ಯಜಮಾನರು ನನ್ನತ್ತ ನೋಡಿದರು. "ಕಿಟಕಿ ತೆಗೆದು ನೀರು ಚಿಮುಕಿಸಿ ಅಮ್ಮ," ಎಂದೆ.

"ಅಷ್ಟೇ ತಾನೆ," ಎಂದರು ಅಮ್ಮ. "ಅದ್ನ ನಾನು ಮಾಡ್ತಾನೇ ಇದ್ನಲ್ಲ." ಥರ್ಮಾಮೀಟರನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ನಾಳೆ ಬೆಳಿಗ್ಗೆ ಸ್ವಲ್ಪ ತಡವಾಗಿ ಬರುತ್ತೇನೆಂದು ಹೇಳಿ ಬಸ್ಸಿಗೆ ಹೊರಟರು.